ಎದೆ ಕೊಯ್ಯದೆ ಹೃದಯದೊಳಗೆ ನೋಡುವ ಬಗೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯಿಂದ ಹೃದಯದ ಚಿಕಿತ್ಸೆಗೆಂದು ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೋಗುವವರು ಬಹಳ. ಅಲ್ಲಿ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ 2024ರಲ್ಲಿ ಈ ನಾಲ್ಕೂ ಊರುಗಳು ಸೇರಿದ ಬೆಂಗಳೂರು ಗ್ರಾಮಾಂತರ ಕ್ಷೇತ್ರದ ಸಂಸದರಾದರು. ವೈದ್ಯರಾಗಿ ಅವರಿಗೆ ಹೆಸರು ತಂದ ಕೆಲಸಗಳಲ್ಲಿ ಬಲೂನಿನಿಂದ ಹೃದಯದ ಕವಾಟ ಬಿಡಿಸುವುದೂ ಒಂದು. ಎದೆ ಕೊಯ್ಯದೆ ಹೃದಯದೊಳಗೆ ನೋಡುವುದು ಹೇಗೆಂಬುದಕ್ಕೆ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಚಿಕ್ಕಂದಿನಲ್ಲಿ ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಹೃದಯದ ಮೈಟ್ರಲ್ ಎಂಬ ಕವಾಟವನ್ನು ಕೆಡಿಸಬಲ್ಲದು. 4ರಿಂದ 6 ಚದರ ಸೆಂಟಿಮೀಟರ್ ತೆರೆಯಬೇಕಾದ ಕವಾಟ ಅಂಚುಗಳು ಅಂಟಿಕೊಂಡು 1.5ಕ್ಕೆ ಇಳಿದರೆ, ನಾಲ್ಕು ಮೆಟ್ಟಿಲು ಹತ್ತುವಾಗಲೂ ಏದುಸಿರು ಬರಬಹುದು. ಇದಕ್ಕೆ 1980ರ ದಶಕದಲ್ಲಿ ಜಪಾನಿನ ಕಾಂಜಿ ಇನೋವೆ ಒಂದು ದಾರಿ ಕಂಡುಕೊಂಡರು. ತೊಡೆಸಂದಿನ ರಕ್ತನಾಳದಿಂದ ತೆಳ್ಳನೆಯ ಕೊಳವೆ ಬಿಟ್ಟು, ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯನ್ನು ಸೂಜಿಯಿಂದ ದಾಟಿ, ಕವಾಟದ ಬಾಯಲ್ಲಿ ಬಲೂನು ಉಬ್ಬಿಸುವುದು.

ಕಷ್ಟವಿರುವುದು ಆ ಗೋಡೆ ದಾಟುವಲ್ಲಿ. ಸೂಜಿ ಕೊಂಚ ಜರುಗಿದರೂ ಮಹಾಪಧಮನಿಗೆ ಚುಚ್ಚಬಹುದು. ಇಂಥ ಚಿಕಿತ್ಸೆ ನಡೆಯುವ ಕ್ಯಾಥ್ ಲ್ಯಾಬಿನ ಎಕ್ಸ್-ರೇ ಪರದೆಯಲ್ಲಿ ಸೂಜಿ, ತಂತಿ ಚೆನ್ನಾಗಿ ಕಾಣುತ್ತವೆ. ಚುಚ್ಚಬೇಕಾದ ಗೋಡೆ ಮಾತ್ರ ಕಾಣುವುದಿಲ್ಲ.

ಗೋಡೆಯನ್ನು ತೋರಿಸುವುದು ಶಬ್ದದ ಅಲೆಗಳಿಂದ ಚಿತ್ರ ಮೂಡಿಸುವ ಎಕೋ. ರಾಮನಗರದ ರಾಮದೇವರ ಬೆಟ್ಟದ ಬಂಡೆಗೆ ಎದುರು ನಿಂತು ಕೂಗಿದರೆ ದನಿ ಮರಳುತ್ತದಲ್ಲ, ಅದೇ ತತ್ತ್ವ. ಮರಳಲು ಹಿಡಿದ ಹೊತ್ತಿನಿಂದ ದೂರ ತಿಳಿಯುತ್ತದೆ. ಅನ್ನನಾಳ ಹೃದಯದ ಎಡ ಮೇಲ್ಕೋಣೆಯ ಬೆನ್ನಿಗೇ ಇರುವುದರಿಂದ, ಬಾಯಿಯ ಮೂಲಕ ಅಲ್ಲಿಗೆ ಇಳಿಸಿದ, ಅಲೆ ಕಳಿಸಿ ಮರಳಿ ಪಡೆಯುವ ಪ್ರೋಬ್‌ಗೆ ಗೋಡೆಯೂ ಕವಾಟವೂ ಹತ್ತಿರದಿಂದ ಕಾಣುತ್ತವೆ.

ಸಾಮಾನ್ಯ ಎಕೋದಲ್ಲಿ ಸಿಗುವುದು ಒಂದು ಸೀಳುನೋಟ. ತ್ರೀಡಿ ಪ್ರೋಬ್‌ನ ತುದಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪುಟ್ಟ ಹರಳುಗಳಿದ್ದು, ಉದ್ದ, ಅಗಲ, ಆಳ ಮೂರನ್ನೂ ಒಟ್ಟಿಗೆ ತೋರಿಸುತ್ತವೆ. ಎದೆ ತೆರೆದ ಸರ್ಜನ್‌ ಮೇಲಿನಿಂದ ನೋಡುವಂತೆ, ಮಿಡಿಯುವ ಕವಾಟವೂ ಅದರ ಪಕ್ಕದ ಬಲೂನೂ ಒಂದೇ ಚಿತ್ರದಲ್ಲಿ ಕಾಣುತ್ತವೆ. ಇಂಥ ಪ್ರೋಬ್ ಬಳಕೆಗೆ ಬಂದದ್ದು 2007ರ ಸುಮಾರಿಗೆ.

ಆದರೆ ಇದಕ್ಕೂ ಒಂದು ಮಿತಿಯುಂಟು. ದೇಹದೊಳಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. ಅಂದರೆ 10 ಸೆಂಟಿಮೀಟರ್ ಆಳಕ್ಕೆ ಹೋಗಿ ಬರುವ ಅಲೆಗಳನ್ನು ಒಂದರ ನಂತರ ಒಂದರಂತೆ ಕಳಿಸಿದರೆ, ಅಲೆಗೊಂದರಂತೆ ಸೆಕೆಂಡಿಗೆ ಚಿತ್ರದ ಏಳೂವರೆ ಸಾವಿರದಷ್ಟು ಗೆರೆಗಳು ಮಾತ್ರ ಸಿಗುತ್ತವೆ. ತ್ರೀಡಿ ಚಿತ್ರ ಒಂದಕ್ಕೇ ಸಾವಿರಾರು ಗೆರೆ ಬೇಕು. ಯಂತ್ರ ಒಂದೇ ಅಲೆಯಿಂದ ಹಲವು ಗೆರೆ ಓದಿಕೊಂಡರೂ, ನೋಡುವ ಜಾಗ ಹಿಗ್ಗಿದಷ್ಟೂ ಚಿತ್ರ ತಡವರಿಸುತ್ತದೆ. ಅದಕ್ಕೇ ನುರಿತ ವೈದ್ಯರು ಬೇಕಾದ ಜಾಗವನ್ನಷ್ಟೇ ಕಿರಿದಾಗಿ ಆರಿಸಿಕೊಳ್ಳುತ್ತಾರೆ.

ಹಾಗೆಂದು ಎಲ್ಲರಿಗೂ ತ್ರೀಡಿ ಬೇಕೆಂದಿಲ್ಲ. ಎಷ್ಟೋ ಬಲೂನು ಚಿಕಿತ್ಸೆಗಳು ಎಕ್ಸ್-ರೇ ಮತ್ತು ಸಾಮಾನ್ಯ ಎಕೋದಲ್ಲೇ ಮುಗಿಯುತ್ತವೆ. ಆದರೆ ಕೃತಕ ಕವಾಟದ ಅಂಚಿನ ಸೋರಿಕೆ ಮುಚ್ಚುವಾಗ, ಸೋರುವ ಮೈಟ್ರಲ್ ಕವಾಟಕ್ಕೆ ಕ್ಲಿಪ್ ಹಾಕುವಾಗ ತ್ರೀಡಿಯ ನೆರವು ದೊಡ್ಡದು. ಪ್ರೋಬ್ ಇಳಿಸುವ ಮುನ್ನ ಖಾಲಿ ಹೊಟ್ಟೆಯಲ್ಲಿರಬೇಕು. ನುಂಗಲು ತೊಂದರೆಯಿದ್ದರೆ, ಹಲ್ಲು ಅಲ್ಲಾಡುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿಬಿಡಿ.