ಆಲಿಕಲ್ಲು ಬಿದ್ದ ಮೇಲೆ, ಆರಿದ್ರಾ ಹಿಡಿಯುವ ಮೊದಲು

ನಮ್ಮ ಆಲೂರು, ಸಕಲೇಶಪುರದ ಕಡೆ ಆಲಿಕಲ್ಲು ಬೀಳುವುದು ಹೆಚ್ಚಾಗಿ ರೇವತಿ, ಅಶ್ವಿನಿ, ಭರಣಿ ಮಳೆಗಳಲ್ಲಿ. ಅಂದರೆ ಮಾರ್ಚ್ ಕೊನೆಯಿಂದ ಮೇ ಎರಡನೇ ವಾರದೊಳಗೆ. ಮೃಗಶಿರ ಕಳೆದು ಆರಿದ್ರಾ ಹಿಡಿಯಿತೆಂದರೆ ಚಾವಣಿ ಹತ್ತುವ ಮಾತೇ ಇಲ್ಲ. ನಡುವೆ ಸಿಗುವ ಕೆಲವೇ ವಾರಗಳಲ್ಲಿ ಇಡೀ ಹೋಬಳಿಗೆ ಒಂದೇ ಸಲ ಹೆಂಚು ಬೇಕು, ಶೀಟು ಬೇಕು, ವೆಲ್ಡಿಂಗಿನವರು ಬೇಕು. ಅಡ್ವಾನ್ಸ್ ಕೊಟ್ಟು ಕೈಸುಟ್ಟುಕೊಳ್ಳುವುದು, ಸಿಕ್ಕಿದಷ್ಟಕ್ಕೆ ವಿಮೆಯ ಕಾಗದಕ್ಕೆ ಸಹಿ ಹಾಕುವುದು, ಎಲ್ಲವೂ ಈ ಅವಸರದಲ್ಲೇ ಆಗುತ್ತದೆ. ಭರಣಿಯ ಒಂದು ಸಂಜೆ ನಮ್ಮ ಮನೆ, ಗೋದಾಮು, ತೋಟದ ಕೆಲಸಗಾರರ ಲೈನ್ ಮನೆಗಳ ಮೇಲೆ ಕಲ್ಲು ಸುರಿದ ಮೇಲೆ ನಾನು ಕಲಿತದ್ದೆಲ್ಲ ಈ ಅವಸರವನ್ನು ಹೇಗೆ ತಡೆಯಬೇಕು ಎಂಬುದರ ಸುತ್ತಲೇ ಇದೆ.

ಮೊದಲ ಕೆಲಸ ಟಾರ್ಪಾಲು ಹೊದಿಸುವುದು. ಕಾಫಿ ಒಣಗಿಸಿ ಮಡಚಿಟ್ಟ ಟಾರ್ಪಾಲು ಆ ಹೊತ್ತಿಗೆ ಬೆಳೆಗಾರರ ಪ್ರತಿ ಮನೆಯಲ್ಲೂ ಇರುತ್ತದೆ. ನಷ್ಟ ಇನ್ನೂ ಹೆಚ್ಚದಂತೆ ಮನೆಯವರು ನೋಡಿಕೊಳ್ಳಬೇಕೆಂದು ಪಾಲಿಸಿಯೂ ಹೇಳುತ್ತದೆ. ಹೊಸ ಟಾರ್ಪಾಲು, ಹಗ್ಗ, ಆ ದಿನದ ಕೂಲಿ, ಎಲ್ಲದರ ಚೀಟಿ ಎತ್ತಿಡಬೇಕು. ಒಳಗೆ ನೀರು ಬೀಳುವುದು ನಿಂತರೆ ವಿಮಾ ಕಂಪನಿಯ ಸರ್ವೇಯರಿಗಾಗಿ ಕಾಯಬಹುದು, ಎರಡು ಕಡೆ ರೇಟು ಕೇಳಬಹುದು, ಬೇಡವಾದವರನ್ನು ಬೇಡ ಎನ್ನಬಹುದು. ತಲೆಯ ಮೇಲೆ ಆಕಾಶ ಕಾಣುತ್ತಿರುವಾಗ ಯಾರಿಗೂ ಬೇಡ ಎನ್ನಲಾಗುವುದಿಲ್ಲ.

ಆದರೆ ಹೊದಿಸುವ ಮೊದಲೇ ಫೋಟೋ ಆಗಬೇಕು. ಆಲಿಕಲ್ಲಿನ ಪಟ್ಟಿ ಬಹಳ ಕಿರಿದು. ನಮ್ಮೂರಲ್ಲಿ ಕಾಫಿ ಎಲೆ ಚಿಂದಿಯಾಗಿದ್ದರೆ ಹಳ್ಳದಾಚೆ ನಾಲ್ಕು ಹನಿ ಬಿದ್ದಿರುವುದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ. ಆದರೆ ಮಾಪಕ ಹೇಳುವುದು ಎಷ್ಟು ಮಿಲಿಮೀಟರ್ ಮಳೆ ಎಂಬುದನ್ನು, ಕಲ್ಲು ಎಷ್ಟು ದಪ್ಪ ಎಂಬುದನ್ನಲ್ಲ. ಹಾಗಾಗಿ ಸಾಕ್ಷಿ ನಾವೇ ಹಿಡಿದಿಡಬೇಕು. ಕಲ್ಲು ಕರಗುವ ಮುಂಚೆ ಅಳತೆ ಟೇಪಿನ ಪಕ್ಕ ಇಟ್ಟು ಒಂದು ಚಿತ್ರ, ಗೇಟಿನಿಂದ ಚಾವಣಿಯವರೆಗೆ ಎಲ್ಲೂ ನಿಲ್ಲಿಸದ ಒಂದು ವಿಡಿಯೋ, ಚೂರಾದ ಎಲೆ, ತಗ್ಗುಬಿದ್ದ ಡ್ರಮ್ಮು, ಪಕ್ಕದ ಮನೆಯ ಕಾರಿನ ಬಾನೆಟ್ಟು. ವಾಹನ ವಿಮೆಯ ಪಾಲಿಸಿಯಲ್ಲಿ ಆಲಿಕಲ್ಲು ಮಳೆಯ ಹೆಸರು ನೇರವಾಗಿಯೇ ಇದೆ. ಮನೆಯ ಪಾಲಿಸಿಯ ಪಟ್ಟಿಯಲ್ಲಿರುವುದು ಬಿರುಗಾಳಿ, ಚಂಡಮಾರುತ, ಪ್ರವಾಹ ಇತ್ಯಾದಿ. ಆದ್ದರಿಂದ ಕಂಪನಿಗೆ ಕೊಡುವ ಮೊದಲ ಪತ್ರದಲ್ಲೇ ‘ಬಿರುಗಾಳಿಯೊಡನೆ ಬಂದ ಆಲಿಕಲ್ಲು ಮಳೆ’ ಎಂದು, ದಿನ ಮತ್ತು ಹೊತ್ತಿನ ಸಮೇತ ಬರೆಯುವುದು ಒಳ್ಳೆಯದು. ನಡೆದದ್ದೂ ಅದೇ ಅಲ್ಲವೇ?

ಎಷ್ಟೋ ಜನರಿಗೆ ತಮಗೆ ವಿಮೆ ಇರುವುದೇ ಗೊತ್ತಿಲ್ಲ. ಮನೆ ಸಾಲ ಕೊಡುವಾಗ ಬ್ಯಾಂಕಿನವರು ಪಾಲಿಸಿ ಮಾಡಿಸಿರುತ್ತಾರೆ, ಪ್ರತಿ ಅವರ ಫೈಲಿನಲ್ಲೇ ಉಳಿದಿರುತ್ತದೆ. ಹೋಗಿ ಕೇಳಿ ಪಡೆಯಬೇಕು. 2021ರ ಏಪ್ರಿಲ್ 1ರಿಂದ ವಾಸದ ಮನೆಗಳಿಗೆ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಬಂದಿದೆ. ಯಾವ ಕಂಪನಿಯಿಂದ ಕೊಂಡರೂ ಮೂಲ ಷರತ್ತುಗಳು ಅವೇ. ಗೋದಾಮು ಇದರೊಳಗೆ ಬರುವುದಿಲ್ಲ. ಅದು ವ್ಯವಹಾರದ ಕಟ್ಟಡ, ಅದಕ್ಕೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ದಂಥ ಬೇರೆ ಪಾಲಿಸಿ ಬೇಕು.

ಇನ್ನು ಹೆಂಚಿನ ವಿಷಯ. ಬಾಸೆಲ್ ಮಿಷನ್ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಘಾಟಿ ಹತ್ತಿ ಬಂದ ಈ ಹೆಂಚು ನಮ್ಮ ಮಳೆಗೆ ಹೇಳಿ ಮಾಡಿಸಿದಂತಿದೆ. ಆದರೆ ಆಲಿಕಲ್ಲಿನ ಪೆಟ್ಟನ್ನು ಅದು ಬಚ್ಚಿಟ್ಟುಕೊಳ್ಳುತ್ತದೆ. ಪುಡಿಯಾದ ಹೆಂಚು ಎಲ್ಲರಿಗೂ ಕಾಣುತ್ತದೆ. ಕೂದಲೆಳೆಯಷ್ಟು ಬಿರುಕು ಬಿಟ್ಟದ್ದು ಕೆಳಗಿನಿಂದ ಕಾಣದು, ಬೇಸಿಗೆಯ ಒಂದೆರಡು ಮಳೆಗೆ ಸೋರದು. ಬಿಡದೆ ಹುಯ್ಯುವ ಆರಿದ್ರಾದಲ್ಲಿ ನೀರು ಜಿನುಗಿ ರೀಪರು ಕೊಳೆಯತೊಡಗಿದಾಗಲೇ ತಿಳಿಯುವುದು. ಅಷ್ಟರಲ್ಲಿ ಕ್ಲೇಮಿನ ಕಡತ ಮುಚ್ಚಿರುತ್ತದೆ.

ನಮ್ಮ ಹೆಂಚು ಕೆಲಸದ ಹಿರಿಯರೊಬ್ಬರು ತೋರಿಸಿಕೊಟ್ಟ ಪರೀಕ್ಷೆ ಬಹಳ ಸರಳ. ನೆತ್ತಿಯ ಬಿಸಿಲಲ್ಲಿ ಟಾರ್ಪಾಲು ಸರಿಸಿ, ಕಿಟಕಿ ಬಾಗಿಲು ಹಾಕಿ ಅಟ್ಟದಲ್ಲಿ ನಿಂತು ನೋಡಬೇಕು. ಬೆಳಕಿನ ಎಳೆ ಕಂಡಲ್ಲೆಲ್ಲ ಸೀಮೆಸುಣ್ಣದ ಗುರುತು. ಅನುಮಾನ ಬಂದ ಹೆಂಚನ್ನು ಇಳಿಸಿ ಬೆರಳ ಗೆಣ್ಣಿನಿಂದ ತಟ್ಟಬೇಕು. “ಟಣ್ ಅಂದ್ರೆ ಇಟ್ಕಳಿ ಅಮ್ಮಾರೆ, ದಬ್ ಅಂದ್ರೆ ಅದು ಆಗ್ಲೇ ಹೋಯ್ತು,” ಅಂದರು ಅವರು. ಸರ್ವೇಯರ್ ಬಂದಾಗ ನಾನು ಬಿಲ್ಲನ್ನು ಮುಂದಿಡುವ ಮೊದಲು ಅವರನ್ನು ಅಟ್ಟಕ್ಕೆ ಕರೆದೆ. ಸಾಲು ಸಾಲಾಗಿ ಗುರುತು ನೋಡಿದರು, ತಾವೇ ಕೆಲವು ಹೆಂಚು ತಟ್ಟಿದರು. ಒಡೆದ ಹೆಂಚಿನ ಲೆಕ್ಕದ ಬಗ್ಗೆ ಮುಂದೆ ತಕರಾರು ಬರಲಿಲ್ಲ.

ತಕರಾರು ಬಂದದ್ದು ಬೇರೆ ಎರಡು ಕಡೆ. ಹಳೇ ಕಾರ್ಖಾನೆಗಳು ತಮ್ಮ ತಮ್ಮ ಅಚ್ಚಿನಲ್ಲಿ ಹೆಂಚು ಮಾಡುತ್ತಿದ್ದವು, ಹಿಂಬದಿಯಲ್ಲಿ ಹೆಸರು ಒತ್ತುತ್ತಿದ್ದವು. ಒಬ್ಬರ ಹೆಂಚಿನ ಕಚ್ಚು ಇನ್ನೊಬ್ಬರದಕ್ಕೆ ಕೂರುವುದಿಲ್ಲ. ಹೊಸ ಹೆಂಚನ್ನು ಹಳೆಯದರ ನಡುವೆ ತುರುಕಿದರೆ ಅಲ್ಲೇ ಸೋರುತ್ತದೆ. ನಮ್ಮ ಕಡೆ ಮೊದಲಿನಿಂದಲೂ ಮಾಡುವ ಉಪಾಯವೆಂದರೆ ಗಟ್ಟಿ ಉಳಿದ ಹಳೇ ಹೆಂಚನ್ನೆಲ್ಲ ಆರಿಸಿ ಒಂದು ಇಳಿಜಾರಿಗೆ ಹೊದಿಸುವುದು, ಇನ್ನೊಂದು ಇಳಿಜಾರಿಗೆ ಪೂರ್ತಿ ಹೊಸದು ಹಾಕುವುದು. ಒಡೆದಷ್ಟಕ್ಕೆ ಮಾತ್ರ ದುಡ್ಡು ಎನ್ನುವ ಕಂಪನಿಗೆ ಇದು ಅರ್ಥವಾಗಬೇಕಾದರೆ, ಈ ಅಚ್ಚಿನ ಹೆಂಚು ಈಗ ಸಿಗುವುದಿಲ್ಲವೆಂದು ಹೆಂಚಿನ ಅಂಗಡಿಯವರಿಂದ ಲೆಟರ್‌ಹೆಡ್‌ನಲ್ಲಿ ಬರೆಸಿಕೊಡಬೇಕು. ನಮಗೆ ಕೆಲಸಕ್ಕೆ ಬಂದದ್ದು ಆ ಒಂದು ಹಾಳೆ.

ಎರಡನೆಯದು ಸವಕಳಿ. ಚಾವಣಿ ಹಳೆಯದು ಎಂದು ದೊಡ್ಡ ಮೊತ್ತ ಕಳೆದಿದ್ದರು. ಭಾರತ್ ಗೃಹ ರಕ್ಷಾದಲ್ಲಿ ಮನೆಯ ಕಟ್ಟಡಕ್ಕೆ ಹಾಗೆ ಕಳೆಯುವಂತಿಲ್ಲ. ಹೊಸದಾಗಿದ್ದಾಗ ಇದ್ದ ಸ್ಥಿತಿಗೆ ತರುವ ಖರ್ಚನ್ನು, ವಿಮಾ ಮೊತ್ತದ ಮಿತಿಯೊಳಗೆ, ಕೊಡಬೇಕು. ವಿಮಾ ಮೊತ್ತ ಕಡಿಮೆ ಇಟ್ಟಿದ್ದೀರಿ ಎಂದು ಅನುಪಾತದಲ್ಲಿ ಕತ್ತರಿಸುವಂತೆಯೂ ಇಲ್ಲ. ಒಡಕಲು ಸಾಗಿಸುವ ಖರ್ಚಿಗೂ ಅದರಲ್ಲಿ ಅವಕಾಶ ಇದೆ. ಪಾಲಿಸಿಯ ಆ ಪುಟಕ್ಕೆ ಗೆರೆ ಹಾಕಿ, ಕಂಪನಿಯ ದೂರು ವಿಭಾಗಕ್ಕೆ ಬರಹದಲ್ಲಿ ಕಳಿಸಿದೆ; ಕಳೆದದ್ದು ವಾಪಸು ಬಂತು. ಬಾರದಿದ್ದರೆ, ಅಥವಾ ಒಂದು ತಿಂಗಳು ಉತ್ತರವೇ ಇಲ್ಲದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಶೀಟಿನ ಕಂಟ್ರಾಕ್ಟರುಗಳ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಕಲ್ಲು ಬಿದ್ದ ಮಾರನೇ ದಿನವೇ ಗುರುತಿಲ್ಲದವರು ಬೈಕಿನಲ್ಲಿ ಊರೂರು ತಿರುಗುತ್ತಾರೆ. ನಮ್ಮಲ್ಲಿಗೆ ಬಂದ ಒಬ್ಬಾತ, “ಅಕ್ಕಾ, ಇನ್ಶೂರೆನ್ಸ್ ತಲೆನೋವು ನಂಗೆ ಬಿಡಿ. ಎಸ್ಟಿಮೇಟು ಡಬಲ್ ಹಾಕ್ತೀನಿ, ಹಳೇ ಕಬ್ಬಿಣ ನಾನೇ ಎತ್ಕೊಂಡು ಹೋಗ್ತೀನಿ,” ಅಂದ. ಈ ಎರಡು ಮಾತೂ ಅಪಾಯದವು. ಸುಳ್ಳು ಎಸ್ಟಿಮೇಟು ಸಿಕ್ಕಿಬಿದ್ದರೆ ನ್ಯಾಯವಾದ ಕ್ಲೇಮೂ ಹೋಗುತ್ತದೆ, ಮತ್ತು ಸಹಿ ಇರುವುದು ನಮ್ಮದು. ಹಳೇ ಶೀಟು, ಆಂಗಲ್ಲು, ಪೈಪುಗಳ ಬೆಲೆಯನ್ನು ಸರ್ವೇಯರ್ ಲೆಕ್ಕ ಹಾಕಿ ಕಳೆಯುತ್ತಾರೆ. ಅವರು ನೋಡುವ ಮೊದಲೇ ಅದು ಲಾರಿ ಹತ್ತಿದರೆ ನಷ್ಟಕ್ಕೆ ಸಾಕ್ಷಿಯೂ ಹೋಯಿತು, ಕಬ್ಬಿಣದ ದುಡ್ಡೂ ಹೋಯಿತು. ಹೊದಿಸುವವನು ಹೊದಿಸಲಿ. ಕ್ಲೇಮು ನಮ್ಮ ಕೈಯಲ್ಲೇ ಇರಲಿ.

ಕರಾರು ಒಂದೇ ಪುಟವಿದ್ದರೂ ಸಾಕು, ಬರಹದಲ್ಲಿರಬೇಕು. ಯಾವ ಕಂಪನಿಯ ಶೀಟು, ಎಷ್ಟು ದಪ್ಪ. ‘ಪಾಯಿಂಟ್ ಫೈವ್’ ಎಂದು ಬಾಯಲ್ಲಿ ಹೇಳುವ 0.50 ಮಿ.ಮೀ. ಬಣ್ಣ, ಲೇಪ ಎಲ್ಲ ಸೇರಿದ ದಪ್ಪವೋ ಬರೀ ಉಕ್ಕಿನದೋ ಎಂದು ಕೇಳಿ ಬರೆಸಬೇಕು. ಶೀಟು ಇಳಿದಾಗ ಸ್ಕ್ರೂಗೇಜಿನಲ್ಲಿ ಅಳೆಯಬೇಕು. ಚದರಡಿ ಲೆಕ್ಕವು ಹೊದಿಸಿದ ಇಳಿಜಾರಿನ ಅಳತೆಯದೋ, ಒಂದರ ಮೇಲೊಂದು ಕೂರುವ ಭಾಗವನ್ನೂ ಎಣಿಸುತ್ತಾರೋ ಎಂಬುದೂ ಇರಲಿ. ಹಣವನ್ನು ಮಾಲು ಇಳಿದಾಗ ಒಂದಿಷ್ಟು, ಕೆಲಸ ಮುಗಿದಾಗ ಒಂದಿಷ್ಟು ಕೊಟ್ಟು, ಉಳಿದ ಸ್ವಲ್ಪವನ್ನು ಮೊದಲ ಜೋರು ಮಳೆ ನೋಡಿದ ಮೇಲೆ ಕೊಡುತ್ತೇನೆಂದರೆ ಒಳ್ಳೆಯ ಕೆಲಸಗಾರ ಒಪ್ಪುತ್ತಾನೆ. ಜಿಎಸ್‌ಟಿ ಬಿಲ್ಲು ಬೇಡವೆಂದರೆ ಅಗ್ಗವೆನ್ನುತ್ತಾರೆ. ಆದರೆ ವಿಮೆಗೆ ಕೊಡಲು ನೆಟ್ಟಗಿನ ಬಿಲ್ಲು ಇಲ್ಲದಿದ್ದರೆ ಉಳಿಸಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತೇವೆ.

ಕೊನೆಗೆ ಬರುವುದು ‘ಪೂರ್ಣ ಮತ್ತು ಅಂತಿಮ’ ಎಂಬ ವೋಚರ್. ಇದಕ್ಕೆ ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಆದರೂ ಸಹಿಯ ಪಕ್ಕದಲ್ಲಿ, ಮಳೆಗಾಲದಲ್ಲಿ ಕಾಣಿಸುವ ಬಿರುಕುಗಳ ಬಗ್ಗೆ ಆಕ್ಷೇಪ ಉಳಿಸಿಕೊಂಡಿದ್ದೇನೆ ಎಂದು ಬರೆದೆ. ಜೂನ್ ಮುಗಿಯುವುದರೊಳಗೆ ಅಡುಗೆಮನೆಯ ಮೇಲೆ ಸೋರಿದ ಹೆಂಚುಗಳಿಗೆ ಆ ಸಾಲಿನ ಆಧಾರದ ಮೇಲೆಯೇ ಮತ್ತೆ ಕೇಳಿದೆ. ಪೂರ್ತಿ ಅಲ್ಲ, ಒಂದು ಭಾಗ ಕೊಟ್ಟರು.

ಇಷ್ಟೆಲ್ಲ ಹಕ್ಕಿರುವುದು ಪಾಲಿಸಿ ಇದ್ದವರಿಗೆ. ಲೈನ್ ಮನೆಯಲ್ಲಿರುವವರಿಗೆ ಇರುವುದು ಸರ್ಕಾರದ ವಿಪತ್ತು ಪರಿಹಾರ ಮಾತ್ರ. ಆಲಿಕಲ್ಲು ಮಳೆ ಅದರ ಪಟ್ಟಿಯಲ್ಲಿದೆ. 2022–26ರ ಕೇಂದ್ರ ಮಾನದಂಡದಂತೆ ಶೇ. 15ರಷ್ಟಾದರೂ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ. ಗ್ರಾಮ ಆಡಳಿತಾಧಿಕಾರಿ ಬಂದು ಮಹಜರು ಮಾಡಿದರೆ ಮಾತ್ರ ಅದೂ. ಬಟ್ಟೆಗೆ 2,500, ಪಾತ್ರೆಗೆ 2,500 ಎಂದು ಇದೆ, ಆದರೆ ಮನೆ ಪೂರ್ತಿ ಹೋಗಿರಬೇಕು ಅಥವಾ ಎರಡು ದಿನಕ್ಕಿಂತ ಹೆಚ್ಚು ನೀರಲ್ಲಿ ಮುಳುಗಿರಬೇಕು. ಸಿಮೆಂಟ್ ಶೀಟು ತೂತಾಗಿ ನೆನೆದ ಅಕ್ಕಿಗೆ, ಮಕ್ಕಳ ಪುಸ್ತಕಕ್ಕೆ ಯಾವ ಕಾಲಮ್ಮೂ ಇಲ್ಲ. ಇದು ನನಗೆ ಇಂದಿಗೂ ಸಹಿಸಲಾಗದ ಅನ್ಯಾಯ.

ಆ ಒಡೆದ ಶೀಟುಗಳನ್ನು ಎತ್ತುವವರೂ ಅವರೇ. ಅದರಲ್ಲಿರುವ ಕಲ್ನಾರಿನ ಧೂಳು ಕ್ಯಾನ್ಸರ್ ತರುವಂಥದ್ದು. ನೀರು ಚಿಮುಕಿಸಿ, ಮೂಗು ಬಾಯಿ ಮುಚ್ಚಿಕೊಂಡು ಎತ್ತಬೇಕು, ಮೆಷಿನ್ನಿನಲ್ಲಿ ಕೊಯ್ಯಬಾರದು, ಗುಡಿಸಬಾರದು. ನಾವು ಲೈನ್ ಮನೆಗಳಿಗೆ ಮತ್ತೆ ಆ ಶೀಟು ಹಾಕಲಿಲ್ಲ. ಈಗ ಆ ಕಟ್ಟಡಗಳನ್ನೂ ಪಾಲಿಸಿಗೆ ಸೇರಿಸಿದ್ದೇವೆ. ಒಳಗಿನ ಸಾಮಾನು ಅಲ್ಲಿರುವವರದಾದ್ದರಿಂದ ಅದಕ್ಕೆ ಅವರ ಹೆಸರಿನಲ್ಲೇ ವಿಮೆ ಆಗಬೇಕು. ಆ ಪ್ರೀಮಿಯಂ ಕಟ್ಟುವುದು ತೋಟದವರ ಹೊಣೆ, ಬೋನಸ್ಸಿನಂತೆ ಅದೂ ವರ್ಷದ ಲೆಕ್ಕದಲ್ಲಿ ಬರಬೇಕು ಎಂದು ಪಕ್ಕದ ತೋಟದವರೊಡನೆ ವಾದ ಮಾಡುತ್ತಲೇ ಇದ್ದೇನೆ.