ದಿನಕ್ಕೊಂದು ಪಟ್ಟಿ

ಅವ್ವನ ಬಲಗಾಲಿನ ಹುಣ್ಣಿಗೆ ನಾನು ಸುರಿದ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಒಂದು ಸಹಿಯಿಂದ ಹೋಯಿತು. ಸಕ್ಕರೆ ಕಾಯಿಲೆಯ ಹುಣ್ಣು. ಆಸ್ಪತ್ರೆಯಲ್ಲಿ ಕೊಳೆತದ್ದನ್ನು ಕೆರೆದು ತೆಗೆದು ಐದನೇ ದಿನ ಮನೆಗೆ ಕಳಿಸಿದರು. ಮನೆಗೇ ಬಂದು ಡ್ರೆಸಿಂಗ್ ಮಾಡುವ ಪ್ಯಾಕೇಜ್ ಅಂತೆ, 90 ದಿನಕ್ಕೆ 45,000 ರೂಪಾಯಿ, ಪೂರ್ತಿ ಮುಂಗಡ. ದಿನಕ್ಕೆ 500 ತಾನೇ ಎಂದು ಕಟ್ಟಿಬಿಟ್ಟೆ.

ಕಾಚಿಗುಡದ ನಮ್ಮ ಮನೆಗೆ ಬರುವುದನ್ನು ಡ್ರೆಸಿಂಗ್ ಹುಡುಗ ಒಂದು ದಿನವೂ ತಪ್ಪಿಸಲಿಲ್ಲ. ಬಂದಾಗಲೆಲ್ಲ ಸಿಲ್ವರ್ ಪಟ್ಟಿ ಬಿಚ್ಚಿ ಹೊಸದು ಹಾಕಿದ. ಒಂದಕ್ಕೆ 420, ಅದು ನಮ್ಮ ಖರ್ಚು. ಕೊನೆಯ ವಾರ ಪಕ್ಕದ ಮನೆಯ ನಿವೃತ್ತ ನರ್ಸ್, ಬೀದರ್ ಕಡೆಯವರು, ಬಿಚ್ಚಿಟ್ಟ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ನಡುವೆ ಎಂಟಾಣೆಯಗಲದ ಕಲೆ, ಸುತ್ತ ಒಣಗಿದ ಬಿಳುಪು. ‘ಇದು ಮೂರು ದಿನ ಇರೂದು ತಮ್ಮಾ. ದಿನಾ ಯಾಕ ಕೀಳಸ್ತೀರಿ?’ ಡಿಸ್ಚಾರ್ಜ್ ಕಾಗದದಲ್ಲೂ ಮೂರು ದಿನಕ್ಕೊಮ್ಮೆ, ಇಲ್ಲವೇ ಒದ್ದೆಯಾದಾಗ ಎಂದೇ ಇತ್ತು. ನಾನು ಓದಿರಲಿಲ್ಲ.

ಲೆಕ್ಕ ಹಾಕಿದೆ. ಪ್ಯಾಕೇಜ್ 45,000. ಪಟ್ಟಿ 90, ಅಂದರೆ 37,800. ಗಾಜ್, ಸಲೈನ್, ಪ್ಲಾಸ್ಟರ್ ದಿನಕ್ಕೆ 60ರಂತೆ 5,400. ಒಟ್ಟು 88,200. ಮೂರು ದಿನಕ್ಕೊಮ್ಮೆ ಕರೆಸಿದ್ದರೆ 30 ಸಲ. ಬಿಡಿಯಾಗಿ ಕರೆದರೆ 700 ಕೇಳುತ್ತಾರೆ, ಆದರೂ 21,000. ಪಟ್ಟಿಗೆ 12,600, ಉಳಿದದ್ದಕ್ಕೆ 1,800. ಒಟ್ಟು 35,400. ಕೈಬಿಟ್ಟು ಹೋದದ್ದು 52,800. ಮುಂಗಡ ಪ್ಯಾಕೇಜುಗಳು ನನಗೆ ಬೇಡವೇ ಬೇಡ. ಹುಣ್ಣು ಹೇಗಿದೆ ಎಂದು ನೋಡಿ ತೀರ್ಮಾನಿಸಬೇಕಾದ್ದನ್ನು ಅವು ಮೊದಲ ದಿನವೇ ತೀರ್ಮಾನಿಸಿಬಿಡುತ್ತವೆ.

ಅವ್ವನ ಆರೋಗ್ಯ ವಿಮೆಯ ಪಾಲಿಸಿಯಲ್ಲಿ ಡಿಸ್ಚಾರ್ಜ್ ನಂತರದ 60 ದಿನದ ಖರ್ಚು ಸೇರಿತ್ತು. ಪ್ಯಾಕೇಜಿಗೆ ಇದ್ದದ್ದು ಒಂದೇ ರಸೀದಿ, ವೈದ್ಯರ ಚೀಟಿ ಇಲ್ಲ. ಆ ಕ್ಲೇಮ್ ತಿರಸ್ಕಾರವಾಗಿ ವಾಪಸ್ ಬಂತು. ಪಟ್ಟಿಯ ಬಿಲ್ಲುಗಳಲ್ಲಿ ಸಿಕ್ಕಿದ್ದು 19, ಬಂದದ್ದು 7,980. ಮಿಕ್ಕವನ್ನು ಮೆಡಿಕಲ್ ಶಾಪಿನ ಕವರಿನ ಜೊತೆ ಬಿಸಾಕಿದ್ದೆ. ದಯವಿಟ್ಟು ಹೀಗೆ ಮಾಡಬೇಡಿ. ಫ್ರಿಜ್ಜಿನ ಪಕ್ಕ ಒಂದು ಮೊಳೆ ಹೊಡೆದು ಬಿಲ್ಲುಗಳನ್ನು ಚುಚ್ಚಿಡಿ, ಸಂಜೆ ಹೊತ್ತು ಮೊತ್ತ ಬರೆದಿಡಿ. ಪಾಲಿಸಿಯೇ ಇಲ್ಲದ, 60 ದಾಟಿದ ತಂದೆತಾಯಿಯ ಚಿಕಿತ್ಸೆಗೆ ಹಳೆ ತೆರಿಗೆ ಪದ್ಧತಿಯಲ್ಲಿ 50,000ದವರೆಗೆ ಕಡಿತವೂ ಇದೆ. ನಗದು ಕೊಟ್ಟರೆ ಅದು ಸಿಗದು.

ಇಷ್ಟಾದರೂ ಹುಣ್ಣು ಮಾಯ್ದಿರಲಿಲ್ಲ. ಹುಣ್ಣಿನ ಮೇಲೆ ಭಾರ ಬೀಳದ ಹಾಗೆ ಕೊರೆದ ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿಯನ್ನು ವೈದ್ಯರು ಮೊದಲೇ ಬರೆದುಕೊಟ್ಟಿದ್ದರು. ಚಪ್ಪಲಿಗೆ 1,600 ಯಾಕೆ ಎಂದು ಮುಂದೂಡಿದ್ದವನು ನಾನೇ. ಸ್ಪರ್ಶವಿಲ್ಲದ ಕಾಲು, ಅವ್ವನಿಗೆ ನೋವೂ ಗೊತ್ತಾಗುತ್ತಿರಲಿಲ್ಲ. ದೇವರ ಮನೆಗೂ ಅಡುಗೆಮನೆಗೂ ಹಳೆಯ ಚಪ್ಪಲಿಯಲ್ಲೇ ಓಡಾಡಿದಳು. ಹೊಸದು ತಂದ ಹತ್ತನೇ ವಾರಕ್ಕೆ ಹುಣ್ಣು ಮುಚ್ಚಿತು. ಹಳೆಯದನ್ನು ಎಸೆಯುವ ಮುನ್ನ ತಿರುವಿ ನೋಡಿದೆ: ಹೆಬ್ಬೆರಳ ಬುಡ ಊರುವ ಕಡೆ ಹೆಬ್ಬೆಟ್ಟು ಕೂರುವಷ್ಟು ತಗ್ಗು, ಹುಣ್ಣು ಇದ್ದದ್ದು ಸರಿಯಾಗಿ ಅಲ್ಲೇ.