ಚಾಂಗಾನ್ ನಗರದಲ್ಲಿ ಒಂದು ಹಗಲು

ಚೀನಾದೇಶದ ಷಾನ್‌ಷಿ ಪ್ರಾಂತದ ರಾಜಧಾನಿ ಷಿಆನ್. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 1.29 ಕೋಟಿಗೂ ಮಿಕ್ಕಿದುದು. ಪ್ರಾಚೀನ ಕಾಲದಲ್ಲಿ ಈ ನಗರವನ್ನು ಚಾಂಗಾನ್ ಎಂದು ಕರೆಯುತ್ತಿದ್ದರು. ರೇಷ್ಮೆಯ ಹೊರೆ ಹೊತ್ತ ಒಂಟೆಗಳ ಸಾಲು ಮರುಭೂಮಿಗಳನ್ನು ದಾಟಿ ಪಶ್ಚಿಮದೇಶಗಳಿಗೆ ಹೊರಡುತ್ತಿದ್ದುದು ಈ ಊರಿನಿಂದಲೇ. ಈ ನಗರವನ್ನು ನೋಡಲು ಬರುವವರಲ್ಲಿ ಬಹುಮಂದಿ ಊರಿನೊಳಗೆ ನಿಲ್ಲುವುದೇ ಇಲ್ಲ. ಪೂರ್ವಕ್ಕಿರುವ ಲಿನ್‌ಟಾಂಗ್ ಎಂಬಲ್ಲಿ 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ದೊರೆತ ಮಣ್ಣಿನ ಸೈನ್ಯವನ್ನು ಕಂಡು, ಅದೇ ವಾಹನದಲ್ಲಿ ಹಿಂದಿರುಗಿಬಿಡುತ್ತಾರೆ. ಆ ಸೈನ್ಯ ಅದ್ಭುತವೇ ಸರಿ. ಆದರೆ ಒಂದೇ ಹಗಲು ಕೈಯಲ್ಲಿರುವವನು ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅವನ ಊರು, ಅವನ ಕಸುಬು ನಿರ್ಧರಿಸುತ್ತವೆ.

ಚಾಮರಾಜನಗರ ತಾಲ್ಲೂಕಿನ ಕುದೇರು ಗ್ರಾಮದ ಯುವಕನೊಬ್ಬ ಗುವಾಂಗ್‌ಚೌ ನಗರದ ವಾಣಿಜ್ಯ ಮೇಳಕ್ಕೆಂದು ಚೀನಾಕ್ಕೆ ಹೋಗಿದ್ದವನು, ಒಂದು ದಿನವನ್ನು ಉಳಿಸಿಕೊಂಡು ಷಿಆನ್‌ಗೆ ಬಂದಿಳಿದ. ಮಾರ್ಗದರ್ಶಿ ಇಲ್ಲ, ಜೊತೆಗಾರರಿಲ್ಲ, ಭಾಷೆಯಂತೂ ಬಾರದು. ಇಂದು ಕುದೇರಿನ ಹೆಸರು ಅಲ್ಲಿನ ಹಾಲಿನ ಡೇರಿಯಿಂದ ಸುತ್ತಲ ಸೀಮೆಗೆ ಪರಿಚಿತ. ಆದರೆ ಒಂದು ಕಾಲಕ್ಕೆ ಆ ಸೀಮೆಯ ಹೊಲಗಳಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಹಿಪ್ಪುನೇರಳೆ ಕಾಣುತ್ತಿತ್ತು. ಸಮೀಪದ ಸಂತೇಮರಹಳ್ಳಿಯಲ್ಲಿ ನೂಲು ಬಿಚ್ಚುವ ಕಾರ್ಖಾನೆಯೇ ಇದ್ದಿತು. ಯುವಕನ ಮನೆಯವರೂ ಹುಳು ಸಾಕಿದವರೇ. ಹಾಗಾಗಿ ಅವನು ಲಿನ್‌ಟಾಂಗಿನ ದಾರಿ ಹಿಡಿಯಲಿಲ್ಲ. ಅವನು ನೋಡಲು ಬಂದುದು ಒಂದು ಹುಳುವನ್ನು.

ಬೆಳಗಿನ ಹೊತ್ತನ್ನು ಅವನು ಕೋಟೆಗೆ ಕೊಟ್ಟ. ಮಿಂಗ್ ಅರಸರ ಕಾಲದಲ್ಲಿ, ಹದಿನಾಲ್ಕನೆಯ ಶತಮಾನದಲ್ಲಿ ಕಟ್ಟಿದ ಈ ಕೋಟೆಗೋಡೆ ಇಂದಿಗೂ ಹಳೆಯ ಊರನ್ನು ಸುತ್ತುವರಿದು ನಿಂತಿದೆ. ಸುತ್ತಳತೆ ಸುಮಾರು 13.7 ಕಿಲೋಮೀಟರು, ಎತ್ತರ 12 ಮೀಟರು. ಗೋಡೆಯ ನೆತ್ತಿಯೇ ಎರಡು ಎತ್ತಿನ ಗಾಡಿಗಳು ಎದುರುಬದುರಾಗಿ ಸಲೀಸಾಗಿ ಹಾಯುವಷ್ಟು ಅಗಲ. ಮೇಲೆ ಬಾಡಿಗೆಗೆ ಸೈಕಲ್ ದೊರೆಯುತ್ತದೆ. ದಕ್ಷಿಣದ ಬಾಗಿಲಿನಲ್ಲಿ ಹತ್ತಿ ಒಂದು ಸುತ್ತು ಹಾಕಿದರೆ, ಒಳಗಡೆ ಹಂಚಿನ ಮಾಡುಗಳೂ ಹೊರಗಡೆ ಗಗನಚುಂಬಿ ಮನೆಗಳೂ ಒಟ್ಟೊಟ್ಟಿಗೆ ಕಾಣುತ್ತವೆ. ಇಷ್ಟು ದೊಡ್ಡ ಕೋಟೆಯೂ ಟಾಂಗ್ ಅರಸರ ಕಾಲದ ಚಾಂಗಾನ್‌ನ ಒಂದು ಮೂಲೆಗಷ್ಟೇ ಸಾಟಿ ಎಂದರೆ ಆ ಹಳೆಯ ನಗರದ ವಿಸ್ತಾರವನ್ನು ಊಹಿಸಬಹುದು. ಏಳು ಎಂಟನೆಯ ಶತಮಾನಗಳಲ್ಲಿ ಅಲ್ಲಿ ಹತ್ತು ಲಕ್ಷದಷ್ಟು ಜನ ಇದ್ದರೆಂದು ವಿದ್ವಾಂಸರ ಅಂದಾಜು.

ಕೋಟೆಯಿಂದಿಳಿದವನು ನೆಲದಡಿಯ ರೈಲನ್ನು ಹಿಡಿದ. 2011ರಲ್ಲಿ ಆರಂಭವಾದ ಈ ರೈಲಿನಲ್ಲಿ ನಿಲ್ದಾಣಗಳ ಹೆಸರನ್ನು ರೋಮನ್ ಲಿಪಿಯಲ್ಲಿಯೂ ಬರೆದಿರುವುದರಿಂದ ಭಾಷೆ ಅರಿಯದವನೂ ದಾರಿ ತಪ್ಪುವಂತಿಲ್ಲ. ಷಾನ್‌ಷಿ ಇತಿಹಾಸ ಸಂಗ್ರಹಾಲಯದ ಪ್ರವೇಶಕ್ಕೆ ಹಣವಿಲ್ಲ. ಆದರೆ ಮುಂಚಿತವಾಗಿ ಹೆಸರು ನೋಂದಾಯಿಸಬೇಕು, ರಹದಾರಿ ಪತ್ರವನ್ನು ತೋರಿಸಬೇಕು. ಅವನು ಊರಿನಿಂದ ಹೊರಡುವ ಮೊದಲೇ ದಿನಗಳನ್ನು ಎಣಿಸಿ, ಅವಕಾಶ ತೆರೆದ ಗಳಿಗೆಯಲ್ಲೇ ನೋಂದಾಯಿಸಿದ್ದ.

ಒಳಗೆ ಕಂಚಿನ ಪಾತ್ರೆಗಳು, ಬಣ್ಣದ ಒಂಟೆಗಳು, ಬಂಗಾರದ ಬಟ್ಟಲುಗಳು. ಜನಸಂದಣಿ ಅವುಗಳ ಮುಂದೆ. ಯುವಕ ಹುಡುಕುತ್ತಿದ್ದುದು ಬೆರಳುದ್ದದ ಒಂದು ವಸ್ತು. 1984ರಲ್ಲಿ ಇದೇ ಪ್ರಾಂತದ ಷಿಚುವಾನ್ ಎಂಬಲ್ಲಿ ದೊರೆತ, ಹಾನ್ ಅರಸರ ಕಾಲದ, ಚಿನ್ನದ ನೀರು ಹೊಯ್ದ ಕಂಚಿನ ರೇಷ್ಮೆಹುಳು. ಉದ್ದ 5.6 ಸೆಂಟಿಮೀಟರು. ಮೈಯ ಗೆಣ್ಣುಗಳನ್ನು ಎಣಿಸಬಹುದು. ತಲೆ ತುಸು ಮೇಲೆತ್ತಿದೆ. ನೂಲು ಉಗುಳಲು ಹೊರಟ ಹುಳುವಿದು ಎಂಬುದು ಅಲ್ಲಿನವರ ವಿವರಣೆ. ಕುದೇರಿನವನ ಕಣ್ಣಿಗೆ ಅದು ಜ್ವರಕ್ಕೆ ಕುಳಿತ ಹುಳುವಿನಂತೆಯೂ ಕಂಡಿತು. ರೇಷ್ಮೆಹುಳು ನಾಲ್ಕು ಬಾರಿ ಪೊರೆ ಬಿಡುತ್ತದೆ. ಪೊರೆ ಬಿಡುವ ಮುನ್ನ ಮೇವು ತೊರೆದು, ತಲೆಯೆತ್ತಿ, ಅಲುಗದೆ ಕೂರುತ್ತದೆ. ನಮ್ಮ ರೈತರು ಅದನ್ನು ಜ್ವರ ಎನ್ನುತ್ತಾರೆ. "ಹುಳ ಜ್ವರಕ್ಕೆ ಕೂತದೆ, ಸದ್ದು ಮಾಡ್‌ಬ್ಯಾಡ ಮಗ" ಎಂದು ಅಜ್ಜಿ ಗದರುತ್ತಿದ್ದುದನ್ನು ಕೇಳುತ್ತಲೇ ಬೆಳೆದವನು ಅವನು. ಎರಡು ಸಾವಿರ ವರ್ಷಗಳ ಹಿಂದಿನ ಆ ಕಂಚುಗಾರನೂ ಹುಳುಮನೆಯಲ್ಲಿ ನಿಂತು ನೋಡಿದವನೇ ಆಗಿರಬೇಕು. ಪುಸ್ತಕ ನೋಡಿ ಮಾಡುವ ಕೆಲಸವಲ್ಲ ಅದು.

ಪಕ್ಕದಲ್ಲಿ ಒಬ್ಬ ಅಜ್ಜಿಯೂ ಎಂಟೊಂಬತ್ತು ವರ್ಷದ ಮೊಮ್ಮಗಳೂ ನಿಂತಿದ್ದರು. ಹುಡುಗಿ ಗಾಜಿನತ್ತ ಬೆರಳು ತೋರಿ "ತ್ಸಾನ್" ಎಂದಳು. ಚೀನೀ ಭಾಷೆಯಲ್ಲಿ ರೇಷ್ಮೆಹುಳುವಿಗೆ ಅದೇ ಹೆಸರು. ಇಂದು ಬಳಕೆಯಲ್ಲಿರುವ ಸರಳ ಲಿಪಿಯಲ್ಲಿ ಅದನ್ನು ಬರೆಯುವಾಗ ಮೇಲೆ 'ಆಕಾಶ', ಕೆಳಗೆ 'ಹುಳು' ಎಂಬ ಎರಡು ಅಕ್ಷರಗಳನ್ನು ಜೋಡಿಸುತ್ತಾರೆ. ಆ ದೇಶದಲ್ಲಿ ವಸಂತಕಾಲ ಬಂತೆಂದರೆ ಶಾಲೆಯ ಮಕ್ಕಳು ಪಾದರಕ್ಷೆಯ ಪೆಟ್ಟಿಗೆಗಳಲ್ಲಿ ನಾಲ್ಕಾರು ಹುಳುಗಳನ್ನು ಸಾಕುವುದುಂಟು. ಅದು ವಿಜ್ಞಾನದ ಪಾಠ. ಯುವಕ ಕೈಫೋನಿನ ಅನುವಾದದ ನೆರವಿನಿಂದ ಎಷ್ಟು ಹುಳು ಸಾಕಿದ್ದೀಯೆ ಎಂದು ಕೇಳಿದ. ಇಪ್ಪತ್ತು ಎಂದಳು. ನಿಮ್ಮ ಮನೆಯಲ್ಲಿ ಎಷ್ಟು ಎಂಬ ಮರುಪ್ರಶ್ನೆ ಬಂದಿತು. ನೂರು ಮೊಟ್ಟೆ ಎಂದರೆ ನಲವತ್ತು ಸಾವಿರ ಹುಳುಗಳಾದರೂ ಆಗುತ್ತವೆ. ಅಂಕೆ ಪರದೆಯ ಮೇಲೆ ಮೂಡಿದಾಗ ಹುಡುಗಿ ಅಜ್ಜಿಯತ್ತ ನೋಡಿದಳು, ಅಜ್ಜಿ ನಕ್ಕರು. ಹುಡುಗಿಗೆ ಮಾತ್ರ ನಗು ಬರಲಿಲ್ಲ. ಇಪ್ಪತ್ತು ಹುಳುವಿಗೇ ಸೊಪ್ಪು ಹೊಂದಿಸಲು ನಗರದಲ್ಲಿ ಅಲೆಯುತ್ತಿದ್ದವಳು ಅವಳು. ಅಷ್ಟಕ್ಕೂ ಸೊಪ್ಪನ್ನು ಎಲ್ಲಿಂದ ತರುತ್ತೀರಿ ಎಂದು ಕೇಳಿದಳು. ನಮ್ಮದೇ ತೋಟ ಎಂದು ಅವನು ಉತ್ತರ ಬರೆದ. ಆ ತೋಟ ಈಗಿಲ್ಲ, ಅಲ್ಲಿ ಅರಿಸಿನವಿದೆ ಎಂಬುದನ್ನು ಬರೆಯಲಿಲ್ಲ.

ಆ ತೋಟ ಇಲ್ಲವಾದುದಕ್ಕೆ ಚೀನಾದ ರೇಷ್ಮೆಯೂ ಒಂದು ಕಾರಣ. ಅಲ್ಲಿ ಬೆಳೆಯುವುದು ದ್ವಿತಳಿ ಗೂಡು. ಒಂದೊಂದರಿಂದ ಸಾವಿರ ಮೀಟರಿಗೂ ಮಿಕ್ಕ, ಸಮನಾದ, ಬಿಳಿಯ ಎಳೆ ಬಿಚ್ಚಬಹುದು. ವಿದ್ಯುತ್ ಮಗ್ಗಕ್ಕೆ ಅದು ಹೇಳಿ ಮಾಡಿಸಿದಂತಹುದು. ಟಿಪ್ಪುಸುಲ್ತಾನನ ಕಾಲದಿಂದ ನಮ್ಮ ನಾಡಿನಲ್ಲಿ ಬೇರೂರಿದ ಮೈಸೂರು ತಳಿ ಗಟ್ಟಿಯಾದುದಾದರೂ ಅದರ ಎಳೆ ಗಿಡ್ಡ. 2011ರಲ್ಲಿ ಕೇಂದ್ರಸರ್ಕಾರ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿದಾಗ ಕರ್ನಾಟಕದ ಗೂಡಿನ ಮಾರುಕಟ್ಟೆಗಳಲ್ಲಿ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು 15ಕ್ಕೆ ಏರಿಸಿದರೂ, ಅಷ್ಟರಲ್ಲಿ ಹಿಪ್ಪುನೇರಳೆಯನ್ನು ಕಿತ್ತವರು ಕಿತ್ತಾಗಿತ್ತು. ನೀರಿನ ಅಭಾವ, ಕೂಲಿಯಾಳಿನ ಕೊರತೆಗಳೂ ಇದಕ್ಕೆ ಸೇರಿದವೆಂಬುದನ್ನು ಮರೆಯುವಂತಿಲ್ಲ. ಇತ್ತ ಷಿಆನ್‌ನ ಸುತ್ತಲೂ ಈಗ ಹೇಳಿಕೊಳ್ಳುವಷ್ಟು ರೇಷ್ಮೆಯಿಲ್ಲ. ಚೀನಾದ ಗೂಡು ಅತಿ ಹೆಚ್ಚಾಗಿ ಬರುವುದು ದೂರದ ದಕ್ಷಿಣದ ಗುವಾಂಗ್‌ಷಿಯಿಂದ. ರೇಷ್ಮೆ ದಾರಿಯ ತಲೆಬಾಗಿಲಿನಲ್ಲಿ ಉಳಿದಿರುವುದು ಗಾಜಿನ ಪೆಟ್ಟಿಗೆಯ ಹುಳು.

ಸಂಗ್ರಹಾಲಯದಿಂದ ಕಾಲ್ನಡಿಗೆಯ ದೂರದಲ್ಲಿಯೇ ದೊಡ್ಡ ಕಾಡುಬಾತಿನ ಗೋಪುರವಿದೆ. ಕನ್ನಡಿಗರಾದವರು ಇಲ್ಲಿ ಒಂದು ಗಳಿಗೆ ನಿಲ್ಲಲೇಬೇಕು. ಭಾರತದಲ್ಲೆಲ್ಲ ಸುತ್ತಿ 645ರಲ್ಲಿ ಚಾಂಗಾನ್‌ಗೆ ಮರಳಿದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ತಾನು ತಂದ 657 ಗ್ರಂಥಗಳನ್ನು ಬೆಂಕಿಯಿಂದ ಕಾಪಾಡಲೆಂದು 652ರಲ್ಲಿ ಕಟ್ಟಿಸಿದುದು ಇದು. ಮೊದಲು ಐದು ಅಂತಸ್ತು, ಈಗ ಏಳು. ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯನ್ನೂ, ಹರ್ಷವರ್ಧನನಿಗೂ ಮಣಿಯದ ಅವನ ಜನರನ್ನೂ ಆ ಯಾತ್ರಿಕ ತನ್ನ ಪ್ರವಾಸ ವೃತ್ತಾಂತದಲ್ಲಿ ಬಣ್ಣಿಸಿದ್ದಾನೆ. 634ರ ಐಹೊಳೆಯ ಶಾಸನ ಆಸ್ಥಾನಕವಿ ಬರೆದುದು; ಹೊಗಳಿಕೆ ಅಲ್ಲಿ ಸಹಜ. ದೂರದೇಶದ ಭಿಕ್ಷುವಿಗೆ ಪುಲಕೇಶಿಯಿಂದ ಆಗಬೇಕಾದುದೇನೂ ಇರಲಿಲ್ಲ. ಆದುದರಿಂದಲೇ ಅವನ ಮಾತಿಗೆ ತೂಕ ಹೆಚ್ಚು. ಆ ವೃತ್ತಾಂತ 646ರಲ್ಲಿ ಮುಗಿದುದು ಇದೇ ನಗರದಲ್ಲಿ. ಅವನು ನಡೆದ ದಾರಿಯ ದೂರವನ್ನು ನೆನೆದವನಿಗೆ ಗೋಪುರದ ಮೆಟ್ಟಿಲುಗಳನ್ನು ಹತ್ತುವುದು ಕಷ್ಟವೆನಿಸಲಿಲ್ಲ.

ಸಂಜೆ ಗಂಟೆಗೋಪುರದ ಬಳಿಯ ಮುಸಲ್ಮಾನರ ಕೇರಿ. ಅಲ್ಲಿನ ಹಿರಿಯ ಮಸೀದಿಗೆ ಗುಮ್ಮಟವಿಲ್ಲ. ಚೀನೀ ದೇಗುಲದಂತೆ ಬಾಗಿದ ಮಾಡು, ಅಂಗಳದಲ್ಲಿ ಹೂಗಿಡ. ರೇಷ್ಮೆ ಒಯ್ಯಲು ಬಂದು ನಿಂತ ವರ್ತಕರ ಪೀಳಿಗೆಯೂ ಈ ಕೇರಿಯವರಲ್ಲಿ ಬೆರೆತಿದೆ. ಬೀದಿಯುದ್ದಕ್ಕೂ ಕುರಿಮಾಂಸದ ಹೊಗೆ. ಮಾಂಸ ತಿನ್ನದ ಯುವಕ ಚೀನೀ ಲಿಪಿಯಲ್ಲಿ ಬರೆಸಿಟ್ಟುಕೊಂಡಿದ್ದ ಚೀಟಿಯನ್ನು ಮೂರು ಅಂಗಡಿಗಳಲ್ಲಿ ತೋರಿಸಿದ. ಮೂರನೆಯವಳು ಓದಿ ತಲೆಯಾಡಿಸಿ, ನಮ್ಮ ಒತ್ತುಶಾವಿಗೆಯನ್ನು ಅಗಲವಾಗಿ ಕೊಯ್ದಂತಿದ್ದ ತಣ್ಣನೆಯ ಅಕ್ಕಿಹಿಟ್ಟಿನ ತಿನಿಸಿಗೆ ಹುಳಿ, ಕಾರದೆಣ್ಣೆ ಬೆರೆಸಿ ಕೊಟ್ಟಳು. ಕಾರ ಗುಂಡ್ಲುಪೇಟೆ ಸಂತೆಯ ಬೋಂಡಕ್ಕೇನೂ ಕಡಮೆಯಿರಲಿಲ್ಲ. ಅವನು ಎರಡನೆಯ ಬಟ್ಟಲನ್ನೂ ಕೇಳಿ ತಿಂದು, ಕೋಟೆಯ ಉತ್ತರಕ್ಕಿರುವ ರೈಲುನಿಲ್ದಾಣದತ್ತ ನಡೆದ. ಪೆಟ್ಟಿಗೆಯಲ್ಲಿ ಅಜ್ಜಿಗೆಂದು ಕೊಂಡ ಒಂದು ರೇಷ್ಮೆಯ ವಸ್ತ್ರವಿತ್ತು. ಅದರ ನೂಲನ್ನು ಬೆರಳ ನಡುವೆ ಉಜ್ಜಿ ನೋಡಿ, ಒಳ್ಳೆಯ ನೂಲು ಎಂದು ಒಪ್ಪಿಕೊಂಡೇ ಕೊಂಡಿದ್ದ.